ಹಾಡಿನ ಹಾಳೆ ಮುಂದಿಟ್ಟು ಕೇಳಿದ ಮಾತುಗಳು

ಹಿಂದೆ ಕಮ್ಯುನಿಸ್ಟ್ ಪೂರ್ವ ಜರ್ಮನಿಯಲ್ಲಿದ್ದ ಲೈಪ್‌ಜಿಗ್‌ನ ಹಳಬರನ್ನು "ಆ ಕಾಲದಲ್ಲಿ ಸರ್ಕಾರ ನಿಮಗೆ ಏನು ಮಾಡಿತು" ಅಂತ ಕೇಳಿದರೆ ಮಾತು ಬೇಗ ಮುಗಿದುಹೋಗುತ್ತದೆ. ಟಿವಿಯವರಿಗೆ, ಶಾಲೆಯ ಮಕ್ಕಳಿಗೆ ಹೇಳಿ ಹೇಳಿ ಸವೆದ ಉತ್ತರ ಅದು. "ಆ ವರ್ಷ ಕ್ರಿಸ್‌ಮಸ್‌ಗೆ ಏನು ಹಾಡಿದಿರಿ, ನಿಮ್ಮ ಪಕ್ಕ ಯಾರು ನಿಂತಿದ್ದರು" ಅಂತ ಕೇಳಿ ನೋಡಿ. ಎರಡನೇ ಸಲ ಕಾಫಿ ಬರುತ್ತದೆ.

ನಾನು ಮಂಗಳೂರಿನವನು. ಕೆಲಸದ ಮೇಲೆ ಇಲ್ಲಿಗೆ ಬಂದು, ಹತ್ತಿರದ ಚರ್ಚಿನ ಗಾಯಕರ ಗುಂಪು, ಅಂದರೆ ಕ್ವಾಯರ್ ಸೇರಿದೆ. ಬೇಸ್, ಅಂದರೆ ಗಂಡಸರ ಕೆಳದನಿ ಹಾಡುತ್ತೇನೆ. ಊರಲ್ಲಿ ನಮ್ಮದು ಬಾಸೆಲ್ ಮಿಶನ್‌ನ ಹಳೆಯ ಸಭೆ. ಆ ಮಿಶನರಿಗಳು 1834ರಲ್ಲಿ ಮಂಗಳೂರಿಗೆ ಬಂದರು. ಬರುವಾಗ ಜರ್ಮನ್ ಕೀರ್ತನೆಗಳ ರಾಗಗಳನ್ನೂ ತಂದರು. ಹಾಗಾಗಿ ನನಗೆ ಜರ್ಮನ್ ಬರುವ ಮೊದಲೇ ಈ ರಾಗಗಳು ಬರುತ್ತಿದ್ದವು. ಕ್ವಾಯರಿನಲ್ಲಿ ಶುಭ ಶುಕ್ರವಾರದ ಒಂದು ಕೀರ್ತನೆ ಅಭ್ಯಾಸ ಮಾಡುವಾಗ ಜರ್ಮನ್ ಪದ ಸಿಗದೆ ನಾನು ಕನ್ನಡದಲ್ಲೇ ಹಾಡಿಬಿಟ್ಟೆ. ಆಲ್ಟೋ, ಅಂದರೆ ಹೆಂಗಸರ ಕೆಳದನಿಯ ಸಾಲಿನ ಹಿರಿಯರೊಬ್ಬರು ತಿರುಗಿ ನೋಡಿದರು. ಅಭ್ಯಾಸ ಮುಗಿದ ಮೇಲೆ ಹತ್ತಿರ ಬಂದು, "ಇದು ನಿಮಗೆ ಹೇಗೆ ಗೊತ್ತು?" ಅಂದರು. ನಮ್ಮೂರಿನ ಕಥೆ ಹೇಳಿದೆ. ಮುಂದಿನ ಭಾನುವಾರ ಮನೆಗೆ ಕರೆದರು. ಪೂರ್ವ ಜರ್ಮನಿಯ ಕಾಲದಲ್ಲಿ ಹಾಡಿದವರ ಜೊತೆ ಕೂತು ಮಾತಾಡಿಸಿ, ರೆಕಾರ್ಡ್ ಮಾಡಿ, ಬರೆದಿಡುವ ಈ ಕೆಲಸ ಅಲ್ಲಿಂದ ಶುರುವಾಯಿತು.

ಕೆಲಸ ಹೇಗೆ ಮಾಡುತ್ತೇನೆ ಅಂತ ಹೇಳುತ್ತೇನೆ. ಗುಂಪಿನಲ್ಲಿ ಕೇಳುವುದಿಲ್ಲ. ನಾಲ್ಕು ಜನ ಸೇರಿದರೆ ಒಬ್ಬರು ಭಾಷಣ ಮಾಡುತ್ತಾರೆ, ಮೂವರು ತಲೆಯಾಡಿಸುತ್ತಾರೆ. ಒಬ್ಬರ ಮನೆಗೆ ಒಬ್ಬನೇ ಹೋಗುತ್ತೇನೆ. ಇಲ್ಲಿ ಮಧ್ಯಾಹ್ನ ಮೂರರ ನಂತರ ಕಾಫಿ, ಕೇಕ್ ಹೊತ್ತು. ಅದಕ್ಕಿಂತ ಒಳ್ಳೆಯ ಸಮಯ ಇಲ್ಲ. ಕೈಯಲ್ಲಿ ಪ್ರಶ್ನೆಗಳ ಪಟ್ಟಿ ಇರುವುದಿಲ್ಲ, ಹಾಡಿನ ಹಾಳೆಗಳಿರುತ್ತವೆ. 1990ರ ದಶಕದಲ್ಲಿ ಹೊಸ ಕೀರ್ತನೆ ಪುಸ್ತಕ ಬಂದ ಮೇಲೆ ಹಳೆಯದು ಮೂಲೆ ಸೇರಿತು. ಅದರ ಒಂದು ಪ್ರತಿ ಇಟ್ಟುಕೊಂಡಿದ್ದೇನೆ. ಕ್ವಾಯರಿನ ಬೀರುವಿನಿಂದ ಹಳೆಯ ನಕಲು ಹಾಳೆಗಳನ್ನೂ ಕೇಳಿ ತಂದುಕೊಳ್ಳುತ್ತೇನೆ. ನೇರಳೆ ಶಾಯಿ, ಒರಟು ಕಾಗದ. ಕೆಲವದರ ತಲೆಯ ಮೇಲೆ ಒಂದು ಸಾಲು: "ಚರ್ಚಿನ ಒಳಗಿನ ಬಳಕೆಗೆ ಮಾತ್ರ."

ಆ ಒಂದು ಸಾಲಿನ ಮೇಲೆಯೇ ಒಂದು ಮಧ್ಯಾಹ್ನ ಕಳೆಯಬಹುದು. ಆ ದೇಶದಲ್ಲಿ ಏನು ಮುದ್ರಿಸಬೇಕಾದರೂ ಪರವಾನಗಿ ಬೇಕಿತ್ತು. ಚರ್ಚಿನ ಒಳಗಿನ ಕೆಲಸಕ್ಕೆ ಸ್ವಲ್ಪ ರಿಯಾಯಿತಿ ಇತ್ತು. ಹಾಗಾಗಿ ಈ ಸಾಲನ್ನು ಹಾಕಿ ಹಾಡು, ಕವಿತೆ, ಕೊನೆಗೆ ಪರಿಸರ ಮಾಲಿನ್ಯದ ಲೇಖನಗಳನ್ನೂ ಹಂಚಿದರು. ಅಧಿಕಾರಿಗಳಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು.

ನಾನು ಬರುವಾಗ ತಲೆಯಲ್ಲಿದ್ದ ಚಿತ್ರವೇ ಬೇರೆ. ಕಮ್ಯುನಿಸ್ಟ್ ಸರ್ಕಾರ, ಅಂದರೆ ಚರ್ಚಿಗೆ ಬೀಗ, ಹಾಡಿಗೆ ನಿಷೇಧ ಅಂತ. ಇಲ್ಲಿ ಹಾಗಿರಲಿಲ್ಲ. ಚರ್ಚ್ ಸಂಗೀತ ಬರೆದ ಬಾಖ್ ಅಂದರೆ ಸರ್ಕಾರಕ್ಕೆ ಪ್ರಾಣ. ಥಾಮಸ್ ಚರ್ಚಿನ ಹುಡುಗರ ಕ್ವಾಯರ್ ಆ ನಲವತ್ತು ವರ್ಷವೂ ಹಾಡುತ್ತಲೇ ಇತ್ತು, ವಿದೇಶ ಪ್ರವಾಸಕ್ಕೂ ಹೋಯಿತು. 1983ರಲ್ಲಿ ಪ್ರೊಟೆಸ್ಟೆಂಟ್ ಪಂಥ ಶುರು ಮಾಡಿದ ಲೂಥರನ 500ನೇ ಹುಟ್ಟುಹಬ್ಬ ಬಂದಾಗ ಸರ್ಕಾರಿ ಸಮಿತಿಯ ಅಧ್ಯಕ್ಷ ಸ್ವತಃ ದೇಶದ ನಾಯಕ ಎರಿಕ್ ಹೊನೆಕರ್! 1985ರಲ್ಲಿ ಬಾಖ್ ಹುಟ್ಟಿ 300 ವರ್ಷ, ಅದಕ್ಕೂ ದೊಡ್ಡ ಉತ್ಸವ. ಬಾಖ್ ಬೇಕು, ಆತ ಯಾರಿಗಾಗಿ ಬರೆದನೋ ಆ ದೇವರು ಬೇಡ. ಇಷ್ಟೇ ಲೆಕ್ಕ.

ಹಾಗಾದರೆ ತೊಂದರೆ ಎಲ್ಲಿತ್ತು? ಹಾಡಿನ ಸುತ್ತ ಇತ್ತು. 1954ರಿಂದ ಸರ್ಕಾರ ಹದಿನಾಲ್ಕು ವರ್ಷದ ಮಕ್ಕಳಿಗೆ ತನ್ನದೇ ಒಂದು ದೀಕ್ಷೆ ಶುರು ಮಾಡಿತು. ಮಕ್ಕಳು ತಮ್ಮ ನಂಬಿಕೆಯನ್ನು ತಾವೇ ಒಪ್ಪಿ ಹೇಳುವ ಚರ್ಚಿನ ದೃಢೀಕರಣಕ್ಕೆ ಅದು ನೇರ ಪೈಪೋಟಿ. ಮಕ್ಕಳು ಸಮಾಜವಾದಕ್ಕೆ ನಿಷ್ಠೆ ಹೇಳಬೇಕು. ಹೋಗದವರಿಗೆ ಜೈಲೇನೂ ಇಲ್ಲ. ಸುಮ್ನೆ, ಹೈಸ್ಕೂಲಿನ ಮುಂದಿನ ಓದಿಗೆ ಸೀಟು ಸಿಗುವುದಿಲ್ಲ, ಅಷ್ಟೇ. ವೈದ್ಯೆಯಾಗಬೇಕಿದ್ದವರು ನರ್ಸ್ ಆದರು. ಎಂಜಿನಿಯರ್ ಆಗಬೇಕಿದ್ದವರು ಬೀಗ ರಿಪೇರಿ ಕಲಿತರು. ಆಲ್ಟೋ ಸಾಲಿನ ಆ ಹಿರಿಯರು ಹೇಳಿದ್ದು: "ನಾನು ಹಾಡುವುದನ್ನು ಯಾರೂ ತಡೆಯಲಿಲ್ಲ. ನಾನು ಏನಾಗಬೇಕು ಅನ್ನುವುದನ್ನು ತಡೆದರು." ಬೇಜಾರು, ಸಿಟ್ಟು ಏನೂ ಇಲ್ಲದೆ ಹೇಳಿದರು. ಹೊಸದಾಗಿ ಹೋದವನಿಗೆ ಈ ಥರದ ನಷ್ಟ ಕಣ್ಣಿಗೆ ಬೀಳುವುದೇ ಇಲ್ಲ. ಯಾವ ಫೋಟೋದಲ್ಲೂ ಇರುವುದಿಲ್ಲವಲ್ಲ.

ಕಣ್ಣಿಗೆ ಕಂಡದ್ದೂ ಇದೆ. ಊರಿನ ನಡುವೆ ವಿಶ್ವವಿದ್ಯಾಲಯದ ಚರ್ಚ್ ಇತ್ತು. ಬಾಖ್ ಅಲ್ಲಿ ಹಬ್ಬದ ದಿನಗಳಲ್ಲಿ ಸಂಗೀತ ನಡೆಸುತ್ತಿದ್ದ. 1943ರ ಡಿಸೆಂಬರ್ ಬಾಂಬ್ ದಾಳಿಯಲ್ಲೂ ಅದು ಉಳಿಯಿತು. ಯುದ್ಧದಲ್ಲಿ ತಮ್ಮ ಚರ್ಚ್ ಕಳೆದುಕೊಂಡ ಕ್ಯಾಥೊಲಿಕರೂ ಅಲ್ಲೇ ಪೂಜೆ ಮಾಡುತ್ತಿದ್ದರು. ಚೌಕಕ್ಕೆ ಹೊಸ ರೂಪ ಕೊಡಬೇಕು ಅಂತ ಹೇಳಿ 1968ರ ಮೇ 30ರಂದು ಆ ಗಟ್ಟಿಮುಟ್ಟಾದ ಕಟ್ಟಡವನ್ನು ಸ್ಫೋಟಿಸಿ ಕೆಡವಿದರು. ಮೂರು ವಾರದ ನಂತರ, ಜೂನ್ 20ಕ್ಕೆ, ಅಂತರರಾಷ್ಟ್ರೀಯ ಬಾಖ್ ಸ್ಪರ್ಧೆಯ ಸಮಾರಂಭ. ವಿದೇಶಿ ಅತಿಥಿಗಳೆಲ್ಲ ಕೂತಿದ್ದಾರೆ. ವೇದಿಕೆಯ ಮೇಲಿಂದ ಒಂದು ಬಟ್ಟೆ ತಾನೇ ಬಿಚ್ಚಿಕೊಂಡು ಇಳಿಯಿತು. ಅದರಲ್ಲಿ ಆ ಚರ್ಚಿನ ಚಿತ್ರ, ಕೆಳಗೆ "ಮತ್ತೆ ಕಟ್ಟಬೇಕೆಂದು ಒತ್ತಾಯಿಸುತ್ತೇವೆ" ಅಂತ ಬರಹ. ಅಲಾರಂ ಗಡಿಯಾರ ಜೋಡಿಸಿ ಇದನ್ನು ಮಾಡಿದ್ದು ಭೌತಶಾಸ್ತ್ರದ ಹುಡುಗರು. ಅವರಲ್ಲಿ ಇಬ್ಬರು ಆ ಬೇಸಿಗೆಯಲ್ಲೇ ಬಲ್ಗೇರಿಯಾದಿಂದ ಮಡಚುವ ದೋಣಿಯಲ್ಲಿ ಕಪ್ಪು ಸಮುದ್ರದ ಮೇಲೆ ಟರ್ಕಿಗೆ ಪಾರಾದರು. ಒಬ್ಬರು ಹರಾಲ್ಡ್ ಫ್ರಿಟ್ಶ್, ಮುಂದೆ ಪರಮಾಣುವಿನೊಳಗಿನ ಅತಿ ಸಣ್ಣ ಕಣಗಳಾದ ಕ್ವಾರ್ಕ್‌ಗಳ ಸಿದ್ಧಾಂತದಲ್ಲಿ ದೊಡ್ಡ ಹೆಸರು ಮಾಡಿದವರು. ವಿಜ್ಞಾನ ಓದಿದ ಗೆಳೆಯರಿಗೆ ಈ ಕಥೆ ಹೇಳಿದರೆ ನಂಬುವುದೇ ಇಲ್ಲ.

ಮಾತಾಡುವವರಿಗೆ ತುಂಬ ವಯಸ್ಸಾಗಿದ್ದರೆ, ಅವರು ಅಪ್ಪ ಅಮ್ಮನಿಂದ ಕೇಳಿದ್ದರ ಮೂಲಕ ಇನ್ನೂ ಹಿಂದಕ್ಕೆ, ಹಿಟ್ಲರನ ಕಾಲಕ್ಕೆ ಹೋಗಬಹುದು. ಅಲ್ಲಿ ನನ್ನ ಹಾಳೆ ಸಂಗೀತ ರಚನಕಾರ ಮೆಂಡೆಲ್ಸನ್‌ನದು. 1843ರಲ್ಲಿ ಲೈಪ್‌ಜಿಗ್‌ನ ಸಂಗೀತ ಶಾಲೆ ಕಟ್ಟಿದವನು ಅವನು. (ಅದೇ ವರ್ಷ ಮಂಗಳೂರಿನಲ್ಲಿ ಮೋಗ್ಲಿಂಗ್ 'ಮಂಗಳೂರ ಸಮಾಚಾರ' ಪತ್ರಿಕೆ ಶುರು ಮಾಡಿದರು. ಇದನ್ನು ಇಲ್ಲಿಯವರಿಗೆ ಹೇಳುವಾಗ ನನಗೆ ಸ್ವಲ್ಪ ಜಂಭ.) ಯಹೂದಿ ಮನೆತನದಲ್ಲಿ ಹುಟ್ಟಿ, ಬಾಲ್ಯದಲ್ಲೇ ದೀಕ್ಷಾಸ್ನಾನ ಪಡೆದವನು. ಚರ್ಚಿಗಾಗಿ ಬೇಕಾದಷ್ಟು ಬರೆದವನು. ನಾಜಿಗಳಿಗೆ ಅದೆಲ್ಲ ಲೆಕ್ಕಕ್ಕಿಲ್ಲ. 1936ರ ನವೆಂಬರ್‌ನಲ್ಲಿ, ಮೇಯರ್ ಗೊರ್ಡೆಲರ್ ಊರಲ್ಲಿಲ್ಲದಾಗ, ಗೆವಾಂಡ್‌ಹೌಸ್ ಸಂಗೀತ ಮಂದಿರದ ಎದುರಿನ ಅವನ ಪ್ರತಿಮೆಯನ್ನು ರಾತ್ರೋರಾತ್ರಿ ಕಿತ್ತರು. ಗೊರ್ಡೆಲರ್ ಮೇಯರ್ ಹುದ್ದೆ ಬಿಟ್ಟರು. ಮುಂದೆ ಹಿಟ್ಲರನ ವಿರುದ್ಧದ ಸಂಚಿನಲ್ಲಿ ಸೇರಿ 1945ರ ಫೆಬ್ರವರಿಯಲ್ಲಿ ಮರಣದಂಡನೆಗೆ ಗುರಿಯಾದರು.

ಆದರೆ ಚರ್ಚಿನವರೆಲ್ಲ ನಾಜಿಗಳ ವಿರುದ್ಧವೇ ಇದ್ದರು ಅಂದುಕೊಳ್ಳಬೇಡಿ. 1939ರಲ್ಲಿ ಐಸೆನಾಖ್‌ನಲ್ಲಿ, ಬಾಖ್ ಹುಟ್ಟಿದ ಊರಿನಲ್ಲೇ, ಪ್ರೊಟೆಸ್ಟೆಂಟ್ ಸಭೆಗಳು ಸೇರಿ ಒಂದು ಸಂಸ್ಥೆ ಕಟ್ಟಿದವು. ಕ್ರೈಸ್ತ ಧರ್ಮದಿಂದ ಯಹೂದಿ ಪ್ರಭಾವ ತೆಗೆಯುವುದೇ ಅದರ ಕೆಲಸ. ಅವರು 1941ರಲ್ಲಿ ಹೊರತಂದ ಕೀರ್ತನೆ ಪುಸ್ತಕದಲ್ಲಿ ಹೀಬ್ರೂ ಮೂಲದ ಪದಗಳಾದ ಹಲ್ಲೆಲೂಯ ಇಲ್ಲ, ಹೊಸನ್ನ ಇಲ್ಲ, ಚೀಯೋನ್ ಇಲ್ಲ. ಪೊಲೀಸರು ಬಂದು ಅಳಿಸಿದ್ದಲ್ಲ. ಪಾಸ್ಟರುಗಳೂ ಪ್ರೊಫೆಸರುಗಳೂ ಕೂತು ಅಳಿಸಿದ್ದು. ನಂಬಿಕೆ ಮತ್ತು ದಬ್ಬಾಳಿಕೆ ಅಂದಕೂಡಲೇ ನಂಬಿಕೆಯನ್ನು ಒಂದು ಕಡೆ, ದಬ್ಬಾಳಿಕೆಯನ್ನು ಎದುರು ಕಡೆ ನಿಲ್ಲಿಸುವವರಿಗೆ ನಾನು ಈ ಪುಸ್ತಕದ ಸುದ್ದಿ ಹೇಳುತ್ತೇನೆ. ಮಾತು ತಕ್ಷಣ ನಿಧಾನವಾಗುತ್ತದೆ. ಅದು ಒಳ್ಳೆಯದೇ.

1989ರ ಬಗ್ಗೆ ಕೇಳುವುದು ಎಲ್ಲಕ್ಕಿಂತ ಕಷ್ಟ. ಎಲ್ಲರಿಗೂ ಕಥೆ ರೆಡಿ ಇದೆ: ಮೇಣದಬತ್ತಿ, ಪ್ರಾರ್ಥನೆ, ಬರ್ಲಿನ್ ಗೋಡೆ ಬಿತ್ತು. ನಿಕೊಲಾಯ್ ಚರ್ಚಿನಲ್ಲಿ 1982ರಿಂದ ಸೋಮವಾರ ಸಂಜೆ ಐದಕ್ಕೆ ಶಾಂತಿ ಪ್ರಾರ್ಥನೆ ನಡೆಯುತ್ತಿದ್ದುದು ನಿಜ. ಅಕ್ಟೋಬರ್ 9ರಂದು ಸುಮಾರು 70,000 ಜನ ಬೀದಿಗಿಳಿದದ್ದೂ ನಿಜ. ಗುಂಡು ಹಾರುತ್ತದೆ ಅಂತ ಊರೆಲ್ಲ ಸುದ್ದಿ ಹಬ್ಬಿತ್ತು, ಹಾರಲಿಲ್ಲ. ಆದರೆ ಆ 70,000 ಜನರಲ್ಲಿ ಬಹುಪಾಲು ಜನ ಚರ್ಚಿಗೆ ಹೋಗುವವರೇ ಅಲ್ಲ. ಪಶ್ಚಿಮಕ್ಕೆ ಹೋಗಲು ಹಂಗೇರಿ ಗಡಿ ತೆರೆದಿತ್ತು, ಸೋವಿಯತ್ ನಾಯಕ ಗೊರ್ಬಚೋವ್ ಸೈನ್ಯ ಕಳಿಸಲಿಲ್ಲ, ಅಂಗಡಿಯಲ್ಲಿ ಸಾಮಾನಿರಲಿಲ್ಲ. ಹಾಡು ಗೋಡೆ ಕೆಡವಿತು ಅಂತ ಬರೆಯಲು ನನಗೆ ಮನಸ್ಸಿಲ್ಲ. ಹಾಡಿದವರೂ ಹಾಗೆ ಹೇಳುವುದಿಲ್ಲ.

ಅದಕ್ಕೇ ಈ ವಿಷಯಕ್ಕೆ ನಾನು ಅಕ್ಟೋಬರ್‌ನಿಂದ ಬರುವುದಿಲ್ಲ, ಜೂನ್‌ನಿಂದ ಬರುತ್ತೇನೆ. 1989ರ ಜೂನ್ 10ರಂದು ಬೀದಿ ಸಂಗೀತದ ಹಬ್ಬ ಮಾಡಲು ಕೆಲವು ಯುವಕರು ಅನುಮತಿ ಕೇಳಿದ್ದರು. ಸಿಗಲಿಲ್ಲ. ಆದರೂ ಗಿಟಾರ್, ಕೊಳಲು ಹಿಡಿದು ಬೇರೆ ಬೇರೆ ಊರುಗಳಿಂದ ಜನ ಬಂದರು. ಮಧ್ಯಾಹ್ನದ ಹೊತ್ತಿಗೆ ಪೊಲೀಸರು ಹಾಡುವವರನ್ನೂ ನೋಡುತ್ತಾ ನಿಂತವರನ್ನೂ ಲಾರಿಗೆ ತುಂಬಿದರು. ಶನಿವಾರ ಪೇಟೆಗೆ ಬಂದಿದ್ದ ಸಾಮಾನ್ಯ ಜನ ಇದನ್ನು ಕಣ್ಣಾರೆ ನೋಡಿದರು. "ಅಂದು ನಾನು ಬ್ರೆಡ್ ತರಲು ಹೋಗಿದ್ದೆ" ಅಂತ ಶುರುವಾಗುವ ನೆನಪುಗಳಲ್ಲಿ ಜೀವ ಜಾಸ್ತಿ.

ಗೆವಾಂಡ್‌ಹೌಸ್ ವಾದ್ಯವೃಂದವನ್ನು ನಡೆಸುತ್ತಿದ್ದ ಕುರ್ಟ್ ಮಸೂರ್ ಅಕ್ಟೋಬರ್ 9ರ ಸಂಜೆ ಊರಿನ ಧ್ವನಿವರ್ಧಕಗಳಲ್ಲಿ ಶಾಂತಿಯ ಮನವಿ ಓದಿದ್ದು ಎಲ್ಲರಿಗೂ ಗೊತ್ತು. ಅದನ್ನು ಬರೆದವರು ಆರು ಜನ. ಮೂವರು ಆಳುವ ಕಮ್ಯುನಿಸ್ಟ್ ಪಕ್ಷದ ಕಾರ್ಯದರ್ಶಿಗಳು. ಇನ್ನೊಬ್ಬ ದೇವಶಾಸ್ತ್ರದ ಪಂಡಿತ, ಸ್ಟಾಸಿ ಅನ್ನುವ ಗುಪ್ತ ಪೊಲೀಸರಿಗೆ ಮಾಹಿತಿ ಕೊಡುತ್ತಿದ್ದವನು ಅಂತ ಆಮೇಲೆ ಗೊತ್ತಾಯಿತು. ಹಾಗಾದರೆ ಆ ಮನವಿ ಸುಳ್ಳಾಯಿತೇ? ಜನರ ಜೀವ ಉಳಿಯಿತಲ್ಲ.

ಸ್ಟಾಸಿಯ ಮಾತು ಬಂದಾಗ ನನ್ನದೊಂದು ನಿಯಮ ಇದೆ. ಕೊನೆಯ ವರ್ಷದಲ್ಲಿ ಸುಮಾರು 91,000 ಪೂರ್ಣಾವಧಿ ನೌಕರರು, ಅದಕ್ಕೂ ಹೆಚ್ಚು ಗುಟ್ಟಿನ ಮಾಹಿತಿದಾರರು ಇದ್ದರು. ಕ್ವಾಯರುಗಳಲ್ಲೂ ಇದ್ದರು. 1992ರ ಜನವರಿಯಿಂದ ಜನ ತಮ್ಮ ಕಡತ ಓದಬಹುದು. "ನಿಮ್ಮ ಮೇಲೆ ವರದಿ ಕೊಟ್ಟವರು ಯಾರು" ಅಂತ ನಾನು ಕೇಳುವುದಿಲ್ಲ. "ಕಡತ ಓದಿದಿರಾ, ಓದಲಿಲ್ಲವಾ" ಅಂತ ಮಾತ್ರ ಕೇಳುತ್ತೇನೆ. ಹೆಸರು ಅವರಾಗಿಯೇ ಹೇಳಲು ಹೊರಟರೆ ಫೋನ್ ರೆಕಾರ್ಡಿಂಗ್ ನಿಲ್ಲಿಸಿ, ನಿಲ್ಲಿಸಿದ್ದನ್ನು ಅವರಿಗೆ ತೋರಿಸುತ್ತೇನೆ. ಟೆನರ್, ಅಂದರೆ ಗಂಡಸರ ಮೇಲುದನಿ ಹಾಡುತ್ತಿದ್ದ ಒಬ್ಬರು ಕಡತ ಓದಲೇ ಇಲ್ಲವಂತೆ. "ಓದಿದರೆ ಭಾನುವಾರ ಯಾರ ಪಕ್ಕ ನಿಲ್ಲಲಿ?" ಅಂದರು. ಅವರ ಹೆಂಡತಿ ಓದಿದ್ದಾರೆ, ಏನಿದೆ ಅಂತ ಗಂಡನಿಗೆ ಹೇಳಿಲ್ಲ. ಆ ಮನೆಯಲ್ಲಿ ಆ ವಿಷಯವನ್ನು ನಾನು ಮತ್ತೆ ಎತ್ತಲಿಲ್ಲ.

ಇನ್ನೊಂದು ಮಾತು. ಕೇಳುವವನು ಬರೀ ಕೇಳುತ್ತಾ ಕೂತರೆ ಅದು ವಿಚಾರಣೆಯ ಹಾಗಾಗುತ್ತದೆ, ಮತ್ತು ಈ ಜನ ವಿಚಾರಣೆ ಏನೆಂದು ಬಲ್ಲವರು. ಅವರು "ನಿಮ್ಮಲ್ಲಿ ಹೇಗಿತ್ತು?" ಅಂದಾಗ ನಾನೂ ಹೇಳಬೇಕು. 1975ರಿಂದ 77ರವರೆಗಿನ ತುರ್ತುಪರಿಸ್ಥಿತಿಯ ಬಗ್ಗೆ ಹೇಳುತ್ತೇನೆ. 'ಸಂಸ್ಕಾರ' ಸಿನಿಮಾದಲ್ಲಿ ಚಂದ್ರಿಯಾಗಿ ನಟಿಸಿದ ಸ್ನೇಹಲತಾ ರೆಡ್ಡಿ ಅಸ್ತಮಾ ಇದ್ದರೂ ತಿಂಗಳುಗಟ್ಟಲೆ ಬೆಂಗಳೂರಿನ ಜೈಲಿನಲ್ಲಿದ್ದದ್ದು, ಪೆರೋಲ್ ಮೇಲೆ ಹೊರಬಂದ ಕೆಲವೇ ದಿನಕ್ಕೆ 1977ರ ಜನವರಿಯಲ್ಲಿ ತೀರಿಕೊಂಡದ್ದು. ನಮ್ಮದು ಎರಡು ವರ್ಷ, ಇವರದ್ದು ನಲವತ್ತು. ಹೋಲಿಸಲು ಹೋಗುವುದಿಲ್ಲ. ಆದರೆ ಕಲಾವಿದರನ್ನು ಹೀಗೆ ನಡೆಸಿಕೊಂಡದ್ದು ಒಂದು ಪ್ರಜಾಪ್ರಭುತ್ವದ ದೇಶ ಅಂತ ಕೇಳಿದಾಗ ಅವರ ಮುಖ ಬದಲಾಗುತ್ತದೆ. ಆಮೇಲೆ ಮಾತು ಸರಿಸಮವಾಗಿ ನಡೆಯುತ್ತದೆ.

ರೆಕಾರ್ಡಿಂಗನ್ನು ಅದೇ ವಾರದಲ್ಲಿ ಬರೆದುಕೊಳ್ಳುತ್ತೇನೆ. ಸ್ಯಾಕ್ಸನ್ ಆಡುಮಾತು ನನಗೆ ಪೂರ್ತಿ ಹಿಡಿಯುವುದಿಲ್ಲ. ಕ್ವಾಯರಿನ ಗೆಳೆಯನೊಬ್ಬ ಜೊತೆ ಕೂರುತ್ತಾನೆ. ಬರೆದದ್ದನ್ನು ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಮಾಡಿ ಅವರಿಗೇ ಒಯ್ದು ಕೊಡುತ್ತೇನೆ. ಪೆನ್ನೂ ಕೊಡುತ್ತೇನೆ. ಏನು ಬೇಕಾದರೂ ಹೊಡೆದುಹಾಕಬಹುದು, ಕಾರಣ ಹೇಳಬೇಕಿಲ್ಲ. ತಾವು ಧೈರ್ಯ ತೋರಿಸಿದ ಭಾಗವನ್ನೇ ಹೊಡೆದುಹಾಕುವವರು ಜಾಸ್ತಿ. ಪಕ್ಕದವರು ಅಷ್ಟು ಧೈರ್ಯ ಮಾಡಲಿಲ್ಲ, ಅವರಿಗೆ ನೋವಾಗಬಾರದು ಅಂತ.

ಇತ್ತೀಚೆಗೆ ನಾನು ಎದುರು ಪಾಳಯದವರನ್ನೂ ಹುಡುಕುತ್ತಿದ್ದೇನೆ. ಅಕ್ಟೋಬರ್ 9ರಂದು ಪಕ್ಷ ತನ್ನ ನೂರಾರು ಸದಸ್ಯರನ್ನು ಮಧ್ಯಾಹ್ನವೇ ನಿಕೊಲಾಯ್ ಚರ್ಚಿಗೆ ಕಳಿಸಿತ್ತು. ಬೆಂಚುಗಳನ್ನೆಲ್ಲ ಅವರೇ ತುಂಬಿಬಿಟ್ಟರೆ ಪ್ರಾರ್ಥನೆಗೆ ಬಂದವರಿಗೆ ಜಾಗ ಸಿಗಬಾರದು ಅಂತ ಉಪಾಯ. ಅವರು ಗಂಟೆಗಟ್ಟಲೆ ಕೂತು, ಬೈಬಲ್ ಓದುವುದನ್ನೂ ಹಾಡುವುದನ್ನೂ ಕೇಳಿಸಿಕೊಂಡು ಹೋದರು. ಅವರಲ್ಲಿ ಯಾರೂ ಇದರ ಬಗ್ಗೆ ತಾವಾಗಿ ಬಾಯಿ ಬಿಡುವುದಿಲ್ಲ. ಒಬ್ಬರು ಒಪ್ಪಿದ್ದಾರೆ. ರೆಕಾರ್ಡಿಂಗ್ ಬೇಡ, ಕೇಕ್ ಬೇಡ, ಒಂದು ಗಂಟೆ ಮಾತ್ರ ಅಂದಿದ್ದಾರೆ. ಹಾಡಿನ ಹಾಳೆ ತರಬಹುದಾ ಅಂತ ಕೇಳಿದೆ. "ತನ್ನಿ, ಆ ದಿನ ನನಗೆ ಒಂದೂ ಗೊತ್ತಿರಲಿಲ್ಲ" ಅಂದರು.