ದೆಂಜಿ ಪುಸ್ತಕವಾದದ್ದು ಹೀಗೆ

ನಾನು ಪೆರ್ಲದ ಹತ್ತಿರದ ಒಂದು ಕನ್ನಡ ಶಾಲೆಯಲ್ಲಿ ಟೀಚರ್. ನಾಲ್ಕನೇ ಕ್ಲಾಸಿನ ತನಕ ಇರುವ ಸಣ್ಣ ಶಾಲೆ. ಒಂದೇ ಬೆಂಚಿನಲ್ಲಿ ಕೂತವರಲ್ಲಿ ಒಬ್ಬಳ ಮನೆಮಾತು ತುಳು, ಪಕ್ಕದವನದ್ದು ಮಲಯಾಳ, ಅದರಾಚೆಯವಳದ್ದು ಹವ್ಯಕ. ಕಾಸರಗೋಡಿನಲ್ಲಿ ಇದೇನೂ ವಿಶೇಷ ಅಲ್ಲ. ಆದರೆ ಇಂಥ ಮಕ್ಕಳಿಗೆ ಕನ್ನಡದಲ್ಲಿ ಕಥೆ ಬರೆಯಲು ಹೊರಟಾಗ, ಯಾವ ಕನ್ನಡ ಅಂತ ದಿನವೂ ಯೋಚಿಸಬೇಕಾಯಿತು.

ಕಥೆ ಹುಟ್ಟಿದ್ದು ಮೂರನೇ ಕ್ಲಾಸಿನಲ್ಲಿ. ನೀರಿನ ಬಗ್ಗೆ ಮಾತಾಡುತ್ತಿದ್ದೆವು. ಬಾವಿ, ಕೆರೆ, ಹೊಳೆ, ನಳ್ಳಿ ಎಂದು ಬೋರ್ಡಿನಲ್ಲಿ ಬರೆದೆ. ಹಿಂದಿನ ಸಾಲಿನ ಹುಡುಗಿ ಎದ್ದು ನಿಂತು, "ಟೀಚರ್, ನಮ್ಮ ಮನೆಗೆ ನೀರು ಬರುವುದು ಗುಡ್ಡೆಯ ಹೊಟ್ಟೆಯಿಂದ" ಎಂದಳು. ಮತ್ತೆ ನಾಲ್ಕೈದು ಕೈಗಳು ಮೇಲೆದ್ದವು. ಅವರೆಲ್ಲರ ಮನೆಯಲ್ಲೂ ಸುರಂಗ ಇತ್ತು. ಎಣ್ಮಕಜೆ, ಬಾಯಾರು, ಪಡ್ರೆ ಕಡೆ ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ಗುಡ್ಡೆಯನ್ನು ಅಡ್ಡಲಾಗಿ ಕೊರೆದು ನೀರು ತರುವುದು ಹಳೆಯ ಪದ್ಧತಿ. ನಾನೂ ಸುರಂಗದ ನೀರು ಕುಡಿದೇ ದೊಡ್ಡವಳಾದವಳು. ಆದರೂ ಬೋರ್ಡಿನಲ್ಲಿ ಆ ಪದ ಬರೆದಿರಲಿಲ್ಲ. ಅವತ್ತು ಸಂಜೆ ನೋಟ್‌ಬುಕ್ಕಿನಲ್ಲಿ "ಗುಡ್ಡೆಯ ಹೊಟ್ಟೆ" ಎಂದು ಬರೆದಿಟ್ಟೆ.

ಮೊದಲ ಸಲ ಬರೆದದ್ದು ಸುಮಾರು 1,400 ಪದ. "ಹಚ್ಚ ಹಸುರಿನ ಗುಡ್ಡಗಳ ನಡುವೆ" ಎಂದು ಶುರು. ಓದಿ ಹೇಳಿದಾಗ ಎರಡನೇ ಪ್ಯಾರಾ ಮುಗಿಯುವ ಮೊದಲೇ ಒಬ್ಬ ಪೆನ್ಸಿಲ್ ಕೆತ್ತಲು ಶುರು ಮಾಡಿದ. ಆ ಜಾಗಕ್ಕೆ ಗುರುತು ಹಾಕಿದೆ. ಆಮೇಲೆ ಬರೆಯುವುದನ್ನೇ ನಿಲ್ಲಿಸಿ ಬಾಯಲ್ಲೇ ಹೇಳತೊಡಗಿದೆ. ಒಂದೇ ಕಥೆ, ಬೇರೆ ಬೇರೆ ಕ್ಲಾಸು, ಹನ್ನೆರಡು ಸಲ. ಮಕ್ಕಳು ಎಲ್ಲಿ ಕಿಟಕಿ ನೋಡಿದರೋ ಆ ಸಾಲು ಹೊರಗೆ. ಎಲ್ಲಿ ನನ್ನ ಜೊತೆ ತಾವೂ ಹೇಳಿದರೋ ಅದು ಒಳಗೆ. ಸುರಂಗದಲ್ಲಿ ನೀರು ತೊಟ್ಟಿಕ್ಕುವ "ಟಪ್... ಟಪ್..." ಒಂದು ಕಡೆ ಮಾತ್ರ ಇತ್ತು. ಮಕ್ಕಳು ಅದನ್ನು ಹೇಳದೆ ಮುಂದೆ ಹೋಗಲು ಬಿಡಲಿಲ್ಲ. ಈಗ ಅದು ಏಳು ಕಡೆ ಇದೆ. ಕೊನೆಗೆ ಉಳಿದದ್ದು 380 ಪದ.

ಹೀಗೆ ಬಾಯಲ್ಲಿ ಹೇಳುವುದನ್ನು ಕಲಿಸಿದವರು ಬೇರೆಯವರೂ ಇದ್ದಾರೆ. ಪಂಜೆ ಮಂಗೇಶರಾಯರು ಶಾಲೆಗಳಲ್ಲಿ ಕೆಲಸ ಮಾಡಿದವರು. ಅವರ ಮಕ್ಕಳ ಪದ್ಯಗಳನ್ನು ಕಣ್ಣಲ್ಲಿ ಓದುವುದಕ್ಕಿಂತ ಬಾಯಲ್ಲಿ ಹೇಳಿದರೇ ಚೆಂದ. ಅಜ್ಜನ ಮನೆಯಲ್ಲಿ ರಾತ್ರಿ ಕೇಳುತ್ತಿದ್ದ ಶೇಣಿ ಗೋಪಾಲಕೃಷ್ಣ ಭಟ್ಟರ ತಾಳಮದ್ದಳೆ (ವೇಷ, ಕುಣಿತ ಇಲ್ಲದೆ ಮಾತಿನಲ್ಲೇ ನಡೆಯುವ ಯಕ್ಷಗಾನ) ಕ್ಯಾಸೆಟ್ಟುಗಳದ್ದು ಇನ್ನೊಂದು ಪಾಠ. ಒಂದು ಪ್ರಶ್ನೆ, ಅದಕ್ಕೊಂದು ಉತ್ತರ, ಆ ಉತ್ತರದಿಂದಲೇ ಮುಂದಿನ ಪ್ರಶ್ನೆ. ನನ್ನ ಕಥೆಯಲ್ಲಿ ಪುಟ್ಟಿ ಎಂಬ ಹುಡುಗಿ ಮತ್ತು ಅಜ್ಜ ಮಾತಾಡುವ ರೀತಿ ಅಲ್ಲಿಂದಲೇ ಬಂದದ್ದು.

ಸುರಂಗದೊಳಗೆ ಒಂದು ಏಡಿ ಇದೆ. ಅದನ್ನು ಏನೆಂದು ಕರೆಯಬೇಕು? ತುಳುವಿನ ಮಕ್ಕಳಿಗೆ ಅದು ದೆಂಜಿ, ಮಲಯಾಳದವರಿಗೆ ಞಂಡ್. "ಏಡಿ" ಎಂದರೆ ಅರ್ಧ ಕ್ಲಾಸು ಒಂದು ಕ್ಷಣ ತಡೆಯುತ್ತಿತ್ತು. ಬಹಳ ದಿನ ಇದು ತಲೆ ತಿಂದಿತು. ಆಮೇಲೆ "ದೆಂಜಿ" ಎನ್ನುವುದನ್ನು ಆ ಏಡಿಯ ಹೆಸರಾಗಿಯೇ ಇಟ್ಟೆ. "ದೆಂಜಿ ಎಂಬ ಏಡಿ" ಎಂದರೆ ತುಳು ಮಕ್ಕಳು ಬಿದ್ದು ಬಿದ್ದು ನಗುತ್ತಾರೆ. ಉಳಿದವರಿಗೆ ಒಂದು ಚೆಂದದ ಹೆಸರು, ಜೊತೆಗೆ "ಏಡಿ" ಎಂಬ ಪದವೂ ಸಿಗುತ್ತದೆ.

ದೊಡ್ಡ ತಪ್ಪೊಂದು ಆಗಿತ್ತು. ನನ್ನ ಮೊದಲ ಕಥೆಯಲ್ಲಿ ಪುಟ್ಟಿ ಒಬ್ಬಳೇ ಸುರಂಗಕ್ಕೆ ಹೋಗುತ್ತಾಳೆ. ಸುರಂಗ ಕೊರೆದು ಅನುಭವ ಇರುವ ಊರಿನ ಹಿರಿಯರೊಬ್ಬರಿಗೆ ಓದಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದನ್ನು ಓದಿದ ಮಕ್ಕಳು ಒಳಗೆ ಹೋಗ್ತಾರೆ ಟೀಚರೇ" ಎಂದರು. ಒಳಗೆ ಗಾಳಿ ಸಾಲದೆ ಹೋಗಬಹುದು, ಮಣ್ಣು ಜರಿಯಬಹುದು. ಕೊರೆಯುವವರು ದೀಪ ಹಿಡಿದೇ ಹೋಗುವುದು. ದೀಪ ಆರಿದರೆ ಕೂಡಲೇ ಹೊರಗೆ ಬರುವುದು. ಅವತ್ತೇ ಅಜ್ಜನನ್ನು ಕಥೆಗೆ ಸೇರಿಸಿದೆ, ಅಜ್ಜನ ಕೈಗೆ ದೀಪ ಕೊಟ್ಟೆ. ಕಥೆಯ ಎದೆ ಈಗ ಆ ದೀಪವೇ. ಇನ್ನೊಂದನ್ನೂ ಅವರೇ ತಿದ್ದಿದರು. ಸುರಂಗದ ನೆಲ ಬಾಯಿಯ ಕಡೆಗೆ ಸ್ವಲ್ಪ ಇಳಿಜಾರಾಗಿರಬೇಕು, ಆಗಲೇ ನೀರು ತಾನಾಗಿ ಹೊರಗೆ ಹರಿಯುವುದು. ನಾನು ಉಲ್ಟಾ ಬರೆದಿದ್ದೆ.

ಪುಟ ಹಂಚುವುದಕ್ಕೆ ನಾಲ್ಕು ಎ-4 ಹಾಳೆ ಮಡಚಿ ಒಂದರೊಳಗೊಂದು ಇಟ್ಟರೆ 16 ಪುಟದ ಪುಸ್ತಕ ಆಗುತ್ತದೆ. ಅದರಲ್ಲಿ ಪೆನ್ಸಿಲಿನಿಂದ ಕಥೆ ಹಂಚಿದೆ. ಮಕ್ಕಳ ಪುಸ್ತಕ ಬರೆಯುವವರು ಇದನ್ನೊಮ್ಮೆ ಮಾಡಿಯೇ ನೋಡಬೇಕು. "ದೀಪ ಆರಿತು" ಎಂಬ ಸಾಲು ಮೊದಲು ಎಡ ಪುಟದಲ್ಲಿತ್ತು. ಪಕ್ಕದ ಪುಟದಲ್ಲೇ ಅಜ್ಜ, ಪುಟ್ಟಿ ಹೊರಗೆ ಬಂದದ್ದು ಕಾಣುತ್ತಿತ್ತು, ಹೆದರಿಕೆಯೇ ಇಲ್ಲ. ಆ ಸಾಲನ್ನು ಬಲ ಪುಟದ ಕೊನೆಗೆ ತಂದೆ. ಈಗ ಮಗು ಪುಟ ತಿರುಗಿಸಲೇಬೇಕು. ತಿರುಗಿಸುವ ಆ ಒಂದು ಕ್ಷಣ ಕ್ಲಾಸಿನಲ್ಲಿ ಯಾರೂ ಉಸಿರಾಡುವುದಿಲ್ಲ.

ಪ್ರಕಟಣೆಯ ದಾರಿ ಉದ್ದವೇ. ಒಬ್ಬ ಪ್ರಕಾಶಕರು 14 ತಿಂಗಳು ಇಟ್ಟುಕೊಂಡರು, ಉತ್ತರ ಬರಲಿಲ್ಲ. ಇನ್ನೊಬ್ಬರು ಸುರಂಗವನ್ನು ಬಾವಿ ಮಾಡಿ, ದೆಂಜಿ ತೆಗೆಯಿರಿ, ಎಲ್ಲರಿಗೂ ಅರ್ಥವಾಗಬೇಕಲ್ಲ ಎಂದರು. ಆ ರಾತ್ರಿ ನಿದ್ದೆ ಬರಲಿಲ್ಲ. ಪುಸ್ತಕ ಆಗಬೇಕೆಂಬ ಆಸೆ ಜಾಸ್ತಿಯೇ ಇತ್ತು. ಆದರೆ ಬಾವಿಯ ಕಥೆಗಳು ಬೇಕಾದಷ್ಟಿವೆ, ಆ ಹಿಂದಿನ ಸಾಲಿನ ಹುಡುಗಿಯ ಮನೆಯ ನೀರಿಗೆ ಒಂದಾದರೂ ಬೇಡವೇ? ಬದಲಿಸಲಿಲ್ಲ. ಮೂರನೆಯವರು, ದಕ್ಷಿಣ ಕನ್ನಡದ ಒಂದು ಸಣ್ಣ ಪ್ರಕಾಶನದವರು, ಒಪ್ಪಿದರು.

ಚಿತ್ರ ಬರೆದವರು ಘಟ್ಟದ ಮೇಲಿನವರು. ಮೊದಲ ಚಿತ್ರದಲ್ಲಿ ಸುರಂಗ ರೈಲು ಹೋಗುವ ಸುರಂಗದ ಹಾಗೆ ಗುಂಡಗೆ, ಇಟ್ಟಿಗೆ ಕಟ್ಟಿದ್ದು. ತಪ್ಪು ಅವರದ್ದಲ್ಲ, ನೋಡಿರದಿದ್ದರೆ ಹೇಗೆ ಗೊತ್ತಾಗಬೇಕು? ಬಾಯಾರಿನ ಒಂದು ತೋಟಕ್ಕೆ ಕರೆದುಕೊಂಡು ಹೋದೆ. ಒಬ್ಬರು ಬಗ್ಗಿ ನಡೆಯುವಷ್ಟೇ ಎತ್ತರ, ಪಿಕ್ಕಾಸಿನ ಗುರುತು ಉಳಿದ ಕೆಂಪು ಗೋಡೆ. ಒಳಗೆ ಹೋಗಲಿಲ್ಲ, ಬಾಯಿಯಲ್ಲೇ ನಿಂತು ನೋಡಿದರು. ಮೊದಲೆಲ್ಲ ನೀರು ಬರುತ್ತಿದ್ದದ್ದು ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ, ಈಗ ಪೈಪು. ದಂಬೆ ಹೇಗಿರುತ್ತದೆ ಎಂದು ತೋಟದವರು ಕೈಯಲ್ಲಿ ತೋರಿಸಿದರು. ಅಲ್ಲೇ ಕೂತು ಚಿತ್ರ ಬರೆಯುವವರು ಗೀಚಿದ್ದೇ ಪುಸ್ತಕದ ಮೂರನೇ ಪುಟದಲ್ಲಿದೆ.

ಐಎಸ್‌ಬಿಎನ್, ಪೇಪರು, ಮುದ್ರಣ ಎಲ್ಲ ಪ್ರಕಾಶಕರೇ ನೋಡಿಕೊಂಡರು. ನಾನು ಹಟ ಹಿಡಿದದ್ದು ಕರಡು ತಿದ್ದುವುದರಲ್ಲಿ. ನಾನು ಯೂನಿಕೋಡಿನಲ್ಲಿ ಟೈಪ್ ಮಾಡಿದ್ದು ಡಿಟಿಪಿಯಲ್ಲಿ ಬೇರೆ ಫಾಂಟಿಗೆ ಹೋಗುವಾಗ ಕೆಲವು ಒತ್ತಕ್ಷರ ಜಾರಿದ್ದವು. ಓದಲು ಈಗಷ್ಟೇ ಕಲಿಯುತ್ತಿರುವ ಮಗು ಅಂಥ ಕಡೆ ತಾನೇ ತಪ್ಪು ಅಂದುಕೊಳ್ಳುತ್ತದೆ. ಹಾಗಾಗಿ ಕರಡನ್ನು ಮೂರನೇ ಕ್ಲಾಸಿನವರಿಂದಲೂ ಓದಿಸಿದೆ. ನನ್ನ ಕಣ್ಣು ತಪ್ಪಿಸಿಕೊಂಡ ಎರಡು ಅವರಿಗೆ ಸಿಕ್ಕವು.

ಪುಸ್ತಕದ ಕಟ್ಟು ಬಂದದ್ದು ಜೋರು ಮಳೆಯ ದಿನ. ಮಲಯಾಳ ಮನೆಮಾತಿನ ಹುಡುಗನೊಬ್ಬ ಮನೆಗೆ ಒಯ್ದು ಅಮ್ಮನಿಗೆ ಮಲಯಾಳದಲ್ಲಿ ಹೇಳಿದನಂತೆ. ಮರುದಿನ ಬಂದು, "ಟೀಚರ್, ಅಮ್ಮ ಇನ್ನೊಮ್ಮೆ ಹೇಳು ಅಂದ್ರು. ದೆಂಜಿಯನ್ನು ಮಾತ್ರ ದೆಂಜಿ ಅಂತಲೇ ಹೇಳಿದೆ, ಸರಿ ಅಲ್ವಾ?" ಎಂದು ಕೇಳಿದ.