‘ಬೆರಳು ಹೊಂದಲಿಲ್ಲ’ ಎಂದರೂ ಚೀಟಿ ಕೊಡುತ್ತೇನೆ

ಶಿಡ್ಲಘಟ್ಟದ ಸುತ್ತಲಿನ ಹಳ್ಳಿಗಳಲ್ಲಿ ಬ್ಯಾಂಕ್ ಮಿತ್ರಳಾಗಿ, ಅಂದರೆ ಬ್ಯಾಂಕಿನ ಪರವಾಗಿ ಬೆರಳಚ್ಚು ಪಡೆದು ಖಾತೆಯ ಹಣ ಕೊಡುವವಳಾಗಿ, ಕೆಲಸ ಮಾಡುವ ನನಗೆ ಜನರ ಮುಖಗಳಷ್ಟೇ ಅವರ ಬೆರಳುಗಳೂ ಪರಿಚಿತ. ರೇಷ್ಮೆ ನೂಲು ಬಿಚ್ಚಾಣಿಕೆ ಮಾಡುವ ಹೆಂಗಸರು ದಿನವಿಡೀ ಬಿಸಿನೀರಿನಲ್ಲಿ ಕೈಯಾಡಿಸಿ ಗೂಡಿನ ಎಳೆ ಹುಡುಕುತ್ತಾರೆ. ಬೆರಳ ತುದಿ ಬೆಳ್ಳಗೆ ಸುಕ್ಕುಗಟ್ಟಿ ಗೆರೆಗಳೇ ಸವೆದುಹೋಗಿರುತ್ತವೆ. ಯಂತ್ರದ ಮೇಲೆ ಇಟ್ಟರೆ ಮೊದಲ ಸಲಕ್ಕೇ ಹೊಂದುವುದು ಅಪರೂಪ. ಹಾಗಾಗಿ ‘ಹೊಂದಲಿಲ್ಲ, ಇನ್ನೊಮ್ಮೆ ಒತ್ತಿ’ ಎಂಬ ಮಾತಿಗೆ ನಮ್ಮಲ್ಲಿ ಯಾರೂ ಅನುಮಾನ ಪಡುವುದಿಲ್ಲ. ಕಳ್ಳತನ ಈ ಮಾತಿನ ಹಿಂದೆಯೇ ಅಡಗಿ ಕುಳಿತಿತ್ತು.

ಬಿಚ್ಚಾಣಿಕೆಗೆ ಹೋಗುವ ಒಬ್ಬ ತಾಯಿ ಗೃಹಲಕ್ಷ್ಮಿಯ ನಾಲ್ಕು ಕಂತುಗಳನ್ನು ಮುಟ್ಟದೆ ಕೂಡಿಟ್ಟಿದ್ದರು. ಒಟ್ಟು 8,000 ರೂಪಾಯಿ. ಹಣ ತೆಗೆಯಲು ನನ್ನ ಬಳಿ ಬಂದಾಗ ಖಾತೆಯಲ್ಲಿ ಮುನ್ನೂರು ಚಿಲ್ಲರೆ ಮಾತ್ರ ಇತ್ತು. ಹಿಂದಿನ ದಿನ ಬೇರೊಂದು ಊರಿನ ಅಂಗಡಿಯಲ್ಲಿ ಮೂರು ಸಲ ಬೆರಳು ಒತ್ತಿದ್ದರಂತೆ. ಮೂರು ಸಲವೂ ಹೊಂದಲಿಲ್ಲವೆಂದು ಹೇಳಿ ಬರಿಗೈಯಲ್ಲಿ ಕಳುಹಿಸಿದ್ದರು.

ಆಧಾರ್ ಪೋರ್ಟಲ್‌ನಲ್ಲಿ ದೃಢೀಕರಣದ ಇತಿಹಾಸ ಸಿಗುತ್ತದೆ. ಕಳೆದ ಆರು ತಿಂಗಳಲ್ಲಿ ನಮ್ಮ ಆಧಾರ್ ಯಾವ ಸಂಸ್ಥೆಯ ಮೂಲಕ, ಯಾವಾಗ, ಯಾವ ಬಗೆಯಲ್ಲಿ ಬಳಕೆಯಾಯಿತು ಎಂಬುದೆಲ್ಲ ಅಲ್ಲಿರುತ್ತದೆ. ಅದನ್ನು ತೆರೆಯಲು ಒಟಿಪಿ ಬೇಕು. ಆಧಾರ್‌ಗೆ ಜೋಡಿಸಿದ ಮೊಬೈಲ್ ಇದ್ದದ್ದು ಚಿಂತಾಮಣಿಗೆ ಕೊಟ್ಟ ಮಗಳ ಬಳಿ. ಫೋನಿನಲ್ಲಿ ಸಂಖ್ಯೆ ಓದಿ ಹೇಳುತ್ತೇನೆಂದು ಮಗಳು ಅಂದರು. ನಾನು ಬೇಡವೆಂದೆ. ಒಟಿಪಿ ಯಾರಿಗೂ ಹೇಳಬೇಡಿ ಎಂದು ಊರೆಲ್ಲ ಸಾರುವವಳು ನಾನೇ ಕೇಳಿ ಪಡೆದರೆ ನಾಳೆ ಮೋಸಗಾರನೂ ಹಾಗೆಯೇ ಕೇಳುತ್ತಾನೆ. ಮರುದಿನ ಬೆಳಗಿನ ಬಸ್ಸಿಗೆ ಮಗಳೇ ಮೊಬೈಲ್ ಹಿಡಿದು ಬಂದರು.

ಪಟ್ಟಿಯಲ್ಲಿ ಮೂರು ದಾಖಲೆಗಳಿದ್ದವು. ಮೊದಲ ಎರಡು ವಿಫಲ, ದೋಷಸಂಖ್ಯೆ 300. ಬೆರಳಚ್ಚು ಹೊಂದಲಿಲ್ಲ ಎಂದು ಅದರರ್ಥ. ಮೂರನೆಯದು ಯಶಸ್ವಿಯಾಗಿತ್ತು. ಪಾಸ್‌ಬುಕ್ಕಿನಲ್ಲಿ 8,000 ರೂಪಾಯಿ ಹೋದದ್ದೂ ಅದೇ ದಿನ. ಆ ತಾಯಿ ಪರದೆಯನ್ನು ನೋಡಿ ತಮ್ಮ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡರು. ತಪ್ಪು ತಮ್ಮ ಬೆರಳಿನದೇ ಎಂದು ಅಲ್ಲಿಯವರೆಗೂ ನಂಬಿದ್ದರು. ನನಗೆ ಬಂದ ಸಿಟ್ಟು ಇವತ್ತಿಗೂ ಆರಿಲ್ಲ.

ಅಂದೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿಸಿ, ಲಿಖಿತ ದೂರಿನೊಂದಿಗೆ ಶಾಖೆಗೆ ಹೋದೆವು. ‘ಬೆರಳು ಅವರದ್ದೇ ತಾನೇ, ಒಪ್ಪಿಯೇ ಒತ್ತಿದ್ದಾರೆ’ ಎಂಬ ಉತ್ತರ ಬಂತು. ಬಿಳಿ ಹಾಳೆಗೆ ಹೆಬ್ಬೆಟ್ಟು ಒತ್ತಿಸಿಕೊಂಡು ಆಮೇಲೆ ಮೊತ್ತ ಬರೆದುಕೊಳ್ಳುತ್ತಿದ್ದ ಸಾಹುಕಾರರ ಕಥೆಯನ್ನು ನಮ್ಮಜ್ಜಿ ಹೇಳುತ್ತಿದ್ದರು. ಆ ಹಾಳೆಯನ್ನು ಕಣ್ಣಿಂದಾದರೂ ನೋಡಬಹುದಿತ್ತು. ಇಲ್ಲಿ ಪರದೆ ಇರುವುದು ಅಂಗಡಿಯವನ ಕಡೆಗೆ. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯನ್ನು ಮುದ್ರಿಸಿಕೊಂಡು ಹೋಗಿದ್ದೆ. ಅದರ ಪ್ರಕಾರ ಗ್ರಾಹಕರ ತಪ್ಪನ್ನು ಸಾಬೀತುಪಡಿಸುವ ಹೊಣೆ ಬ್ಯಾಂಕಿನದು. ಗ್ರಾಹಕರದೂ ಬ್ಯಾಂಕಿನದೂ ತಪ್ಪಿಲ್ಲದ ಮೋಸವನ್ನು ಮಾಹಿತಿ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕರಿಗೆ ನಷ್ಟವಿಲ್ಲ. ಹತ್ತು ಕೆಲಸದ ದಿನಗಳಲ್ಲಿ ಮೊತ್ತವನ್ನು ಖಾತೆಗೆ ತಾತ್ಕಾಲಿಕವಾಗಿ ಜಮಾ ಮಾಡಬೇಕು. ಆ ಸಾಲುಗಳ ಕೆಳಗೆ ಗೆರೆ ಎಳೆದು ಮೇಜಿನ ಮೇಲಿಟ್ಟು, ದೂರಿನ ಪ್ರತಿಗೆ ಮೊಹರು ಬೀಳುವವರೆಗೆ ಕುಳಿತೆವು. ಒಂಬತ್ತನೆಯ ದಿನ ಹಣ ಬಂತು.

ಅಂದಿನಿಂದ ನನ್ನ ಮೇಜಿನ ಪದ್ಧತಿಯನ್ನೇ ಬದಲಿಸಿದೆ. ಪರದೆ ಗ್ರಾಹಕರ ಕಡೆಗೆ ತಿರುಗಿರುತ್ತದೆ. ಬೆರಳಿಡುವ ಮೊದಲು ಮೊತ್ತವನ್ನು ಗಟ್ಟಿಯಾಗಿ ಓದುತ್ತೇನೆ, ಓದು ಬಾರದವರಿಂದ ತಿರುಗಿ ಹೇಳಿಸುತ್ತೇನೆ. ಹೊಂದದಿದ್ದರೂ ಚೀಟಿ ಮುದ್ರಿಸಿ ಕೈಗೆ ಕೊಡುತ್ತೇನೆ. ಕೈ ಒರೆಸಿ, ಒಣಗಿಸಿ, ಉಂಗುರದ ಬೆರಳನ್ನು ಇಡಿಸುತ್ತೇನೆ. ಅದರ ಗೆರೆ ಅಷ್ಟಾಗಿ ಸವೆದಿರುವುದಿಲ್ಲ. ಎರಡು ಸಲ ಸೋತರೆ ನಿಲ್ಲಿಸಿ, ಪಾಸ್‌ಬುಕ್ಕಿನೊಂದಿಗೆ ಶಾಖೆಗೆ ಕಳುಹಿಸುತ್ತೇನೆ. ಸಾಲು ಉದ್ದವಾಗುತ್ತದೆ, ಗೊಣಗಾಟವೂ ಇರುತ್ತದೆ. ಆದರೂ ಬಿಟ್ಟಿಲ್ಲ.

ಕಷ್ಟವಾದದ್ದು ಬೆರಳಚ್ಚಿಗೆ ಬೀಗ ಹಾಕಿಸುವ ಕೆಲಸ. 2023ರಲ್ಲಿ ರಾಜ್ಯದ ಹಲವೆಡೆ ಆಸ್ತಿ ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚುಗಳ ನಕಲು ಮಾಡಿ ಜನರ ಖಾತೆಗಳಿಂದ ಹಣ ಎಗರಿಸಿದ್ದು ಪತ್ರಿಕೆಗಳಲ್ಲಿ ಬಂದಿತ್ತು. ಆಧಾರ್ ಆಧಾರಿತ ಪಾವತಿಗೆ ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳು ಇದ್ದರೆ ಸಾಕು, ಪಿನ್ ಕೇಳುವುದಿಲ್ಲ. ಪಿನ್ ಕಳುವಾದರೆ ಬದಲಿಸಬಹುದು, ಬೆರಳನ್ನು ಬದಲಿಸುವುದು ಹೇಗೆ? ಆದ್ದರಿಂದ ಎಂ-ಆಧಾರ್ ಆ್ಯಪ್‌ನಲ್ಲಿ ಮನೆಮನೆಯವರಿಗೂ ಬಯೋಮೆಟ್ರಿಕ್ ಬೀಗ ಹಾಕಿಸಿದೆ. ತಿಂಗಳ ಕೊನೆಗೆ ನ್ಯಾಯಬೆಲೆ ಅಂಗಡಿಯಿಂದ ಆರು ಜನ ಸಿಟ್ಟಾಗಿ ಬಂದರು. ಅಕ್ಕಿ ಕೊಡುವ ಯಂತ್ರದಲ್ಲೂ ದೋಷಸಂಖ್ಯೆ 330: ಬಯೋಮೆಟ್ರಿಕ್ ಬೀಗ ಹಾಕಿದೆ. ಅದು ನನ್ನ ತಪ್ಪು. ಬೀಗ ಹಾಕುವುದನ್ನು ಕಲಿಸಿ, ತೆಗೆಯುವುದನ್ನು ಕಲಿಸಿರಲಿಲ್ಲ. ಈಗ ಪಡಿತರದ ದಿನ ತಾತ್ಕಾಲಿಕವಾಗಿ ತೆರೆಯುವುದನ್ನು ಪ್ರತಿ ಮನೆಯ ಒಬ್ಬರಿಂದ ಅವರ ಕೈಯಲ್ಲೇ ಎರಡು ಸಲ ಮಾಡಿಸುತ್ತೇನೆ.

ಈ ಬೀಗ ಒಟಿಪಿಯನ್ನು ತಡೆಯುವುದಿಲ್ಲ ಎಂಬುದನ್ನೂ ಹೇಳಬೇಕು. ಒಟಿಪಿ ಆಧಾರಿತ ಇ-ಕೆವೈಸಿಯಿಂದ, ಅಂದರೆ ಆನ್‌ಲೈನ್ ಗುರುತು ಪರಿಶೀಲನೆಯಿಂದ, ಮುಖ ತೋರಿಸದೆಯೇ ಖಾತೆ ತೆರೆಯಬಹುದು. ಅಂಥ ಖಾತೆಯಲ್ಲಿ ಒಂದು ಲಕ್ಷ ರೂಪಾಯಿಗಿಂತ ಹೆಚ್ಚು ಇಡುವಂತಿಲ್ಲ, ವರ್ಷದೊಳಗೆ ಪೂರ್ಣ ಪರಿಶೀಲನೆ ಆಗಬೇಕು. ಆದರೂ ಕದ್ದ ಹಣ ದಾಟಿಸುವವನಿಗೆ ಅಷ್ಟು ಸಾಕು; ಪೊಲೀಸರು ಬರುವುದು ಖಾತೆಯಲ್ಲಿ ಹೆಸರಿರುವ ಬಡವನ ಮನೆಗೆ.

ಇಷ್ಟಕ್ಕೆಲ್ಲ ಆಧಾರ್‌ಗೆ ಅವರವರ ಮೊಬೈಲ್ ಸಂಖ್ಯೆಯೇ ಜೋಡಣೆಯಾಗಿರಬೇಕು. ನಮ್ಮೂರಿನಲ್ಲಿ ಇನ್ನೂ ಹದಿನೇಳು ಜನರದ್ದು ಆಗಿಲ್ಲ. ಶನಿವಾರ ಬಿಚ್ಚಾಣಿಕೆ ಬೇಗ ಮುಗಿಸಿಕೊಂಡು ಬರಲು ಹೇಳಿದ್ದೇನೆ. ಒಟ್ಟಿಗೆ ಆಧಾರ್ ಕೇಂದ್ರಕ್ಕೆ ಹೋಗುತ್ತೇವೆ.