ಉಕ್ಕಿನ ಕೈಗವಸು ಅಸಲಿಯೋ ನಕಲೋ: ನಾನು ನೋಡುವ ಬಗೆ

ಯುರೋಪಿನ 15, 16ನೇ ಶತಮಾನದ ಯುದ್ಧಕವಚದ ಗಾಂಟ್ಲೆಟ್, ಅಂದರೆ ಉಕ್ಕಿನ ಕೈಗವಸು, ಕೈಗೆ ಬಂದರೆ ನಾನು ಮೊದಲು ಅದನ್ನು ಮಗುಚಿ ಒಳಗೆ ಟಾರ್ಚ್ ಬಿಡುತ್ತೇನೆ. ಹೊರಮೈಯನ್ನು ಎಷ್ಟೋ ತಲೆಮಾರಿನವರು ಉಜ್ಜಿ ಬೆಳಗಿರುತ್ತಾರೆ. ನಕಲು ಮಾಡುವವನೂ ತನ್ನ ಕೈಚಳಕವನ್ನೆಲ್ಲ ಅಲ್ಲೇ ತೋರಿಸಿರುತ್ತಾನೆ. ಒಳಮೈಗೆ ಅಷ್ಟು ಕೈ ತಾಗಿರುವುದಿಲ್ಲ.

ಒಳಗೆ ನಾನು ಹುಡುಕುವುದು ಸುತ್ತಿಗೆಯ ಗುರುತು. ಕೆಲಸಕ್ಕಾಗಿ ಬಿದ್ದ ಪೆಟ್ಟು ಬೇಕಾದ ಕಡೆ ಮಾತ್ರ ಇರುತ್ತದೆ. ಬೆರಳ ಗೆಣ್ಣಿನ ಉಬ್ಬಿನಲ್ಲಿ ಒತ್ತೊತ್ತಾಗಿ, ಚಪ್ಪಟೆ ಜಾಗದಲ್ಲಿ ಅಲ್ಲೊಂದು ಇಲ್ಲೊಂದು. ಎಲ್ಲ ಕಡೆ ಒಂದೇ ಸಮ ಗುಳಿ ಬಿದ್ದಿದ್ದರೆ ಅದು ಹಳೆಯದಾಗಿ ಕಾಣಲೆಂದೇ ಹೊಡೆದದ್ದು ಎಂಬ ಅನುಮಾನ ನನಗೆ ಬರುತ್ತದೆ.

ಆಮೇಲೆ ಕ್ಯಾಲಿಪರ್ ಹಿಡಿದು ದಪ್ಪ ಅಳೆಯುತ್ತೇನೆ. ನನಗೆ ಜಾಸ್ತಿ ನಂಬಿಕೆ ಇರುವುದು ಇದರ ಮೇಲೆ. ಹಿಂದಿನ ಕವಚಗಾರರು ತಗಡನ್ನು ಬಡಿದೇ ತೆಳ್ಳಗೆ ಮಾಡುತ್ತಿದ್ದರು. ಹಾಗಾಗಿ ಒಂದೇ ತಗಡಿನಲ್ಲೂ ದಪ್ಪ ಏರಿಳಿಯುತ್ತದೆ. ಕಾಳಗದಲ್ಲಿ ಪೆಟ್ಟು ತಿನ್ನುವ ಜಾಗ ದಪ್ಪ, ಬೆರಳಿನ ತುಣುಕುಗಳು ತೆಳು. ಉಬ್ಬಿಸಿದ ಭಾಗ ಬಿಟ್ಟು ಉಳಿದೆಲ್ಲ ಕಡೆ ಒಂದೇ ಅಳತೆ ಬಂದರೆ ಅದು ಯಂತ್ರದಲ್ಲಿ ಉರುಳಿಸಿದ ತಗಡು.

ಲೋಹದಲ್ಲಿ ಕಿಟ್ಟದ (ಕಬ್ಬಿಣ ತೆಗೆಯುವಾಗ ಒಳಗೇ ಉಳಿದ ಕಶ್ಮಲದ) ಗೆರೆ, ಪದರ ಬಿಟ್ಟ ಜಾಗ ಕಂಡರೆ ಒಳ್ಳೆಯ ಲಕ್ಷಣವೇ. ಆದರೆ 19ನೇ ಶತಮಾನದ ಮೆದು ಕಬ್ಬಿಣದಲ್ಲೂ ಕಿಟ್ಟ ಇರುತ್ತದೆ. ಅದೊಂದರಿಂದಲೇ ತೀರ್ಮಾನ ಆಗುವುದಿಲ್ಲ. ಗ್ಯಾಸ್ ವೆಲ್ಡಿಂಗ್ ಗುರುತು ಸಿಕ್ಕರೆ ಆ ಜೋಡಣೆ 20ನೇ ಶತಮಾನದ್ದು ಇಲ್ಲವೇ ಅದಕ್ಕೂ ಈಚಿನದು, ಅಲ್ಲಿ ಚರ್ಚೆಯೇ ಬೇಡ. ತುಕ್ಕಿನ ವಿಷಯಕ್ಕೆ ಬಂದರೆ, ಆಸಿಡ್ ಹಾಕಿದ ತಗಡಿನಲ್ಲಿ ಒಳಗೂ ಹೊರಗೂ ಒಂದೇ ಆಳದ ಚುಕ್ಕೆಗಳು. ತಾನಾಗಿ ಹಿಡಿದ ತುಕ್ಕು ಇಷ್ಟು ಅಚ್ಚುಕಟ್ಟಾಗಿ ಹರಡುವುದಿಲ್ಲ.

ತಗಡುಗಳನ್ನು ಜೋಡಿಸುವ ಹೊಸ ರಿವೆಟ್ (ಮೊಳೆ), ಹೊಸ ಚರ್ಮ ನೋಡಿ ಸುಮ್ನೆ ನಕಲು ಅಂದುಬಿಡಬಾರದು. ಚರ್ಮ ಕೊಳೆಯುತ್ತದೆ, ರಿವೆಟ್ ಸವೆಯುತ್ತದೆ, ಬದಲಾಯಿಸಲೇಬೇಕು ಅಲ್ವಾ? ನಾನು ನೋಡುವುದು ತೂತುಗಳನ್ನು. ಹಳೆಯ ಕಾಲದಲ್ಲಿ ಉಳಿಯಂಥ ಮೊನೆಯಿಂದ ಹೊಡೆದು ತೂತು ಮಾಡುತ್ತಿದ್ದರು. ಅಂಚು ಸ್ವಲ್ಪ ಸೊಟ್ಟ, ಹಿಂಬದಿಯಲ್ಲಿ ಲೋಹ ಚೂರು ಎದ್ದಿರುತ್ತದೆ. ಡ್ರಿಲ್ ತೂತು ನುಣ್ಣಗೆ, ದುಂಡಗೆ. ಮುಚ್ಚಿದ ಹಳೆಯ ತೂತು ಕಂಡರೆ ಖುಷಿಯಾಗುತ್ತದೆ: ಯಾರೋ ಬಳಸಿ, ರಿಪೇರಿ ಮಾಡಿಸಿದ್ದಾರೆ ಎಂದರ್ಥ. ತಗಡುಗಳು ಒಂದರ ಮೇಲೊಂದು ಜಾರುವ ಕಡೆ ಬಾಗಿದ ಸವಕಲು ಗೀರು ಇದೆಯೇ ಎಂದೂ ನೋಡುತ್ತೇನೆ. ಮುಷ್ಟಿ ಮಡಿಸಲು, ಕತ್ತಿ ಹಿಡಿಯಲು ಬಾರದ ವಿನ್ಯಾಸವಾದರೆ ಅದು ಗೋಡೆಗೆ ತೂಗುಹಾಕಲು ಮಾಡಿದ್ದಿರಬಹುದು ಎಂಬ ಅನುಮಾನ ಬರುತ್ತದೆ.

ಎಲ್ಲ ನಕಲೂ ಇಷ್ಟು ಸುಲಭವಾಗಿ ಸಿಕ್ಕಿಬೀಳುವುದಿಲ್ಲ. 1839ರಲ್ಲಿ ಸ್ಕಾಟ್ಲೆಂಡಿನ ಎಗ್ಲಿಂಟನ್‌ನಲ್ಲಿ ಹಳೆಯ ಕಾಲದ ಕುದುರೆ ಕಾಳಗವನ್ನೇ ಮತ್ತೆ ಆಡಿಸಿದರು. ಕವಚದ ಹುಚ್ಚು ಅಷ್ಟಿತ್ತು. ಮುಂದೆ ಮ್ಯೂನಿಕ್‌ನ ಅರ್ನ್ಸ್ಟ್ ಷ್ಮಿಟ್ ಕಾರ್ಯಾಗಾರದಿಂದ ಬಂದ ಪ್ರತಿಗಳಂತೂ ಬಹಳ ಅಚ್ಚುಕಟ್ಟು. ಕಲಿತವರನ್ನೂ ನಿಲ್ಲಿಸಿ ಯೋಚಿಸುವಂತೆ ಮಾಡುತ್ತವೆ.

ಇನ್ನೂ ತೊಡಕಿನದು ಬೆರಕೆ ಮಾಲು. ಬೆರಳಿನ ಸಣ್ಣ ತುಣುಕುಗಳು ಬೇಗ ಕಳಚಿ ಕಳೆದುಹೋಗುತ್ತವೆ. ಮಣಿಕಟ್ಟಿನ ಪಟ್ಟಿ 16ನೇ ಶತಮಾನದ್ದು, ಬೆರಳುಗಳು 19ನೇ ಶತಮಾನದವು, ಹೀಗೆ ಸಿಗುವುದು ಸಾಮಾನ್ಯ. ಅದಕ್ಕೇ ನಾನು ಇಡೀ ಕೈಗವಸಿಗೆ ಒಂದೇ ತೀರ್ಪು ಕೊಡುವುದಿಲ್ಲ. ಪ್ರತಿ ತಗಡಿಗೂ ಬೇರೆ ಸಾಲು ಬರೆಯುತ್ತೇನೆ: ಹಳೆಯದು, ಬದಲಾಯಿಸಿದ್ದು, ಅನುಮಾನ. ಕೊಳ್ಳುವವರಿಗೂ ಆ ಪಟ್ಟಿಯನ್ನೇ ಕೊಡುತ್ತೇನೆ.